‘ತಾಂತ್ರಿಕ ಕಾರಣ’ ಎಂಬ ನೆಪ

ಮಾದಕ ವಸ್ತುವಿನ ಪ್ರಕರಣವೊಂದು ನಮ್ಮ ಪತ್ರಿಕೆಗಳಲ್ಲಿ ಸಾಮಾನ್ಯವಾಗಿ ಮೂರು ಸಲ ಸುದ್ದಿಯಾಗುತ್ತದೆ. ಮೊದಲ ಸಲ ಮುಖಪುಟದಲ್ಲಿ. ಮೇಜಿನ ಮೇಲೆ ಸಾಲಾಗಿ ಜೋಡಿಸಿದ ಪೊಟ್ಟಣಗಳು, ಅವುಗಳ ಹಿಂದೆ ನಿಂತ ಅಧಿಕಾರಿಗಳು, ಮುಖಕ್ಕೆ ಬಟ್ಟೆ ಮುಚ್ಚಿದ ಒಬ್ಬಿಬ್ಬರು ಆರೋಪಿಗಳು, ಲಕ್ಷ ಕೋಟಿಗಳಲ್ಲಿ ಹೇಳಿದ ಮಾರುಕಟ್ಟೆ ಬೆಲೆ. ಎರಡನೆಯ ಸಲ ಕೆಲವು ವರ್ಷಗಳ ನಂತರ, ಒಳಪುಟದ ಮೂಲೆಯಲ್ಲಿ: ‘ತಾಂತ್ರಿಕ ಕಾರಣಗಳಿಂದ ಆರೋಪಿ ಖುಲಾಸೆ’. ಮೂರನೆಯ ಸಲ ಬರೀ ಒಂದು ಸಾಲು: ‘ತೀರ್ಪಿನ ವಿರುದ್ಧ ಮೇಲ್ಮನವಿ ಸಲ್ಲಿಸಲಾಗುವುದು’.

ಈ ಎರಡನೆಯ ಮತ್ತು ಮೂರನೆಯ ಸುದ್ದಿಗಳ ನಡುವೆ ಒಂದು ಸುಳ್ಳು ಅಡಗಿ ಕೂತಿದೆ. ಅದು ‘ತಾಂತ್ರಿಕ’ ಎಂಬ ಪದದಲ್ಲಿದೆ. ತಪ್ಪು ಮಾಡಿದವನು ಸಿಕ್ಕಿದ್ದ, ಮಾಲೂ ಸಿಕ್ಕಿತ್ತು, ಎಲ್ಲವೂ ಸರಿಯಿತ್ತು, ಆದರೆ ಯಾವುದೋ ಕಾಗದದಲ್ಲಿ ಒಂದು ಸಹಿ ಬಿಟ್ಟುಹೋಗಿತ್ತು, ಅದನ್ನು ಹಿಡಿದುಕೊಂಡು ನ್ಯಾಯಾಧೀಶರು ಕಳ್ಳನನ್ನು ಬಿಟ್ಟರು ಎಂದು ಆ ಪದ ನಮಗೆ ಹೇಳುತ್ತದೆ. ಹಾಗೆ ನಂಬಿದ ಮೇಲೆ ಮೇಲ್ಮನವಿ ಸಹಜವಾಗಿಯೇ ಕಾಣುತ್ತದೆ. ಮೇಲಿನ ಕೋರ್ಟು ಇಂಥ ಕ್ಷುಲ್ಲಕತೆಯನ್ನು ಬದಿಗಿಟ್ಟು ‘ನಿಜವಾದ’ ನ್ಯಾಯ ಕೊಡಲಿ ಎನ್ನಿಸುತ್ತದೆ.

ಸಾಕ್ಷ್ಯ ನಂಬಲರ್ಹವಲ್ಲ ಎಂಬ ಕಾರಣಕ್ಕೆ ಆದ ಬಿಡುಗಡೆ ತಾಂತ್ರಿಕ ಬಿಡುಗಡೆಯಲ್ಲ. ಅಪರಾಧ ಸಾಬೀತಾಗಿಲ್ಲ ಎಂಬುದಕ್ಕೆ ಅದಕ್ಕಿಂತ ಮೂಲಭೂತವಾದ ಕಾರಣ ಬೇರೊಂದಿಲ್ಲ. ಅಂಥ ಪ್ರತಿ ಬಿಡುಗಡೆಯ ಮೇಲೂ ಯಾಂತ್ರಿಕವಾಗಿ ಮೇಲ್ಮನವಿ ಹೂಡುವ ಸರ್ಕಾರ ನ್ಯಾಯವನ್ನು ಹುಡುಕುತ್ತಿಲ್ಲ. ತನ್ನ ಠಾಣೆಯೊಳಗೆ ಏನಾಯಿತು ಎಂದು ಕೇಳಿಕೊಳ್ಳುವ ಕೆಲಸವನ್ನು ಇನ್ನಷ್ಟು ವರ್ಷ ಮುಂದಕ್ಕೆ ಹಾಕುತ್ತಿದೆ. ಈ ಬರಹದ ವಾದ ಇಷ್ಟೇ.

ಭಾಷೆಯ ಬಗ್ಗೆ ಆಸ್ಥೆಯಿರುವ ಓದುಗರು ಇಲ್ಲಿ ಇನ್ನೂ ಎರಡು ಪದಗಳನ್ನು ಗಮನಿಸಬಹುದು. ಒಂದು, ‘ಖುಲಾಸೆ’. ಪಾರಸಿ, ಹಿಂದೂಸ್ತಾನಿಗಳ ಹಾದಿಯಲ್ಲಿ ನಮ್ಮ ಕಚೇರಿ ಭಾಷೆಗೆ ಬಂದ ಪದ. ನಮ್ಮಲ್ಲಿ ಅದಕ್ಕೆ ಬಿಡುಗಡೆ ಎಂಬ ಅರ್ಥ. ಹಿಂದಿಯಲ್ಲಿ ಅದೇ ಪದಕ್ಕೆ ವಿಷಯವನ್ನು ಬಯಲು ಮಾಡುವುದು ಎಂಬ ಅರ್ಥ ನಿಂತಿದೆ. ಇನ್ನೊಂದು, ‘ಸಂಶಯದ ಲಾಭ’. ಯಾರು ಈ ಅನುವಾದ ಮಾಡಿದರೋ, ಅವರು ಆರೋಪಿಯನ್ನು ವ್ಯಾಪಾರಿಯನ್ನಾಗಿ ಮಾಡಿಬಿಟ್ಟರು. ಸಂಶಯವೆಂಬ ಸರಕಿನಿಂದ ಅವನು ಲಾಭ ಮಾಡಿಕೊಂಡ ಎಂಬಂತೆ ಅದು ಕೇಳಿಸುತ್ತದೆ. ಹತ್ತು ವರ್ಷ ಜೈಲಿನ ಭಯದಲ್ಲಿದ್ದವನು ಬರಿಗೈಯಲ್ಲಿ ಹೊರಬಂದರೆ ಅದು ಯಾವ ಲಾಭ?

ಈಗ ಕಾನೂನಿಗೆ ಬರೋಣ. ನಮ್ಮ ಎನ್‌ಡಿಪಿಎಸ್ ಕಾಯ್ದೆ 1985ರದ್ದು. ಅದರ ಶಿಕ್ಷೆಗಳು ಕಠಿಣ. ‘ವಾಣಿಜ್ಯ ಪ್ರಮಾಣ’ ಎಂದು ಗುರುತಿಸಿದಷ್ಟು ವಸ್ತು ಸಿಕ್ಕಿದರೆ ಕನಿಷ್ಠ 10 ವರ್ಷ, ಗರಿಷ್ಠ 20 ವರ್ಷ ಜೈಲು, ಜೊತೆಗೆ ಕನಿಷ್ಠ ಒಂದು ಲಕ್ಷ ರೂಪಾಯಿ ದಂಡ. ಹೆರಾಯಿನ್ ಆದರೆ 250 ಗ್ರಾಂ, ಗಾಂಜಾ ಆದರೆ 20 ಕಿಲೋ ಈ ಗಡಿ. ಕನಿಷ್ಠ ಶಿಕ್ಷೆಯನ್ನು ಕಾಯ್ದೆಯೇ ಕಟ್ಟಿಟ್ಟಿರುವುದರಿಂದ ನ್ಯಾಯಾಧೀಶರು ಕನಿಕರ ತೋರಿಸಲು ಜಾಗವಿಲ್ಲ. 37ನೇ ಸೆಕ್ಷನ್ ಪ್ರಕಾರ ಇಂಥ ಪ್ರಕರಣದಲ್ಲಿ ಜಾಮೀನು ಬೇಕಿದ್ದರೆ, ಈತ ತಪ್ಪಿತಸ್ಥನಲ್ಲ ಎಂದು ನಂಬಲು ಸಮಂಜಸ ಆಧಾರವಿದೆ ಎಂದು ವಿಚಾರಣೆಗೆ ಮೊದಲೇ ನ್ಯಾಯಾಲಯಕ್ಕೆ ಅನ್ನಿಸಬೇಕು. 35 ಮತ್ತು 54ನೇ ಸೆಕ್ಷನ್‌ಗಳು ಇನ್ನೂ ಮುಂದೆ ಹೋಗುತ್ತವೆ. ವಸ್ತು ನಿನ್ನ ಬಳಿ ಸಿಕ್ಕಿತು ಎಂದು ತೋರಿಸಿದರೆ ಸಾಕು, ಅದು ಏನೆಂದು ನಿನಗೆ ಗೊತ್ತಿತ್ತು ಎಂದೇ ಕಾನೂನು ಊಹಿಸುತ್ತದೆ. ಗೊತ್ತಿರಲಿಲ್ಲ ಎಂದು ಸಾಬೀತು ಮಾಡುವ ಹೊರೆ ಆರೋಪಿಯದು.

ಅಂದರೆ ಸಾಮಾನ್ಯ ಕಳ್ಳತನದ ಆರೋಪಿಗೆ, ಕೊಲೆಯ ಆರೋಪಿಗೂ ಸಿಗುವ ರಕ್ಷಣೆಗಳನ್ನು ಈ ಕಾಯ್ದೆ ಕಿತ್ತುಕೊಂಡಿದೆ. ಅದಕ್ಕೆ ಪ್ರತಿಯಾಗಿ ಕೊಟ್ಟಿರುವುದು ಕೆಲವು ನಿಯಮಗಳನ್ನು ಮಾತ್ರ. ಮಾಹಿತಿ ಬಂದರೆ ಬರೆದಿಟ್ಟುಕೊಂಡು ಮೇಲಧಿಕಾರಿಗೆ ಕಳಿಸಬೇಕು (42ನೇ ಸೆಕ್ಷನ್). ಮೈ ತಪಾಸಣೆ ಮಾಡುವ ಮೊದಲು, ಪತ್ರಾಂಕಿತ ಅಧಿಕಾರಿಯ ಅಥವಾ ಮ್ಯಾಜಿಸ್ಟ್ರೇಟರ ಎದುರು ತಪಾಸಣೆ ಕೇಳುವ ಹಕ್ಕು ನಿನಗಿದೆ ಎಂದು ತಿಳಿಸಬೇಕು (50ನೇ ಸೆಕ್ಷನ್). ವಶಪಡಿಸಿಕೊಂಡದ್ದನ್ನು ಪಟ್ಟಿ ಮಾಡಿ, ಫೋಟೊ ತೆಗೆಸಿ, ಮ್ಯಾಜಿಸ್ಟ್ರೇಟರ ಎದುರು ಮಾದರಿ ತೆಗೆದು ದೃಢೀಕರಿಸಬೇಕು (1989ರಲ್ಲಿ ಸೇರಿಸಿದ 52ಎ). 48 ಗಂಟೆಗಳೊಳಗೆ ಮೇಲಧಿಕಾರಿಗೆ ಪೂರ್ಣ ವರದಿ ಹೋಗಬೇಕು (57ನೇ ಸೆಕ್ಷನ್). ಇದೊಂದು ಒಪ್ಪಂದ. ಸರ್ಕಾರಕ್ಕೆ ಅಸಾಧಾರಣ ಅಧಿಕಾರ ಸಿಕ್ಕಿದೆ, ಬದಲಿಗೆ ಅಸಾಧಾರಣ ಎಚ್ಚರ ವಹಿಸುವುದಾಗಿ ಅದು ಮಾತು ಕೊಟ್ಟಿದೆ. ಅಧಿಕಾರವನ್ನು ಪೂರ್ತಿ ಬಳಸಿಕೊಂಡು ಎಚ್ಚರದ ಭಾಗವನ್ನು ಮಾತ್ರ ‘ತಾಂತ್ರಿಕ’ ಎಂದರೆ ಅದು ಮಾತಿಗೆ ತಪ್ಪಿದಂತೆ.

1999ರಲ್ಲಿ ಬಲದೇವ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದ್ದೂ ಇದೇ ಅರ್ಥದ ಮಾತು. ಶಿಕ್ಷೆ ಕಠಿಣವಾದಷ್ಟೂ ರಕ್ಷಣೆಗಳು ಪಾಲನೆಯಾಗಿವೆಯೇ ಎಂದು ನೋಡುವ ಎಚ್ಚರವೂ ಹೆಚ್ಚಬೇಕು. ಆ ಪ್ರಕರಣದಲ್ಲಿ ಮೇಲ್ಮನವಿ ಹೋಗಿದ್ದು ಪಂಜಾಬ್ ಸರ್ಕಾರ. ಹಕ್ಕನ್ನು ತಿಳಿಸುವುದು ಅಧಿಕಾರಿಯ ಕರ್ತವ್ಯವೇ ಹೊರತು ಮರ್ಜಿಯಲ್ಲ ಎಂಬ ಉತ್ತರ ಪಡೆದುಕೊಂಡು ಅದು ಬಂತು.

ಈ ನಿಯಮಗಳು ಯಾಕೆ ಬೇಕು ಎಂದು ತಿಳಿಯಲು ಒಂದು ಪೊಟ್ಟಣದ ಪ್ರಯಾಣವನ್ನು ಹಿಂಬಾಲಿಸಿದರೆ ಸಾಕು. ಬಸ್ ನಿಲ್ದಾಣದಲ್ಲಿ ಒಬ್ಬನ ಚೀಲದಿಂದ ಪೊಟ್ಟಣ ಹೊರಬರುತ್ತದೆ. ತೂಗುತ್ತಾರೆ, ಮಹಜರು ಬರೆಯುತ್ತಾರೆ, ಪಂಚರು ಸಹಿ ಹಾಕುತ್ತಾರೆ, ಮೊಹರು ಬೀಳುತ್ತದೆ. ಅಲ್ಲಿಂದ ಠಾಣೆಯ ಮುದ್ದೆಮಾಲು ಕೋಣೆಗೆ. ಅಲ್ಲಿಂದ ಮಾದರಿ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ. ವರ್ಷಗಳ ನಂತರ ಉಳಿದದ್ದು ನ್ಯಾಯಾಲಯಕ್ಕೆ. ಕೊಲೆ ಪ್ರಕರಣದಲ್ಲಿ ಶವವಿರುತ್ತದೆ, ಕಳ್ಳತನದಲ್ಲಿ ಮಾಲು ಕಳೆದುಕೊಂಡವನು ಇರುತ್ತಾನೆ. ಇಲ್ಲಿ ಸಾಮಾನ್ಯವಾಗಿ ದೂರುದಾರನೂ ಪೊಲೀಸ್, ಸಾಕ್ಷಿಯೂ ಪೊಲೀಸ್, ಕಾವಲುಗಾರನೂ ಪೊಲೀಸ್. ಇಡೀ ಅಪರಾಧ ಆ ಪೊಟ್ಟಣದೊಳಗೇ ಇದೆ. ಅಂದು ಬಸ್ ನಿಲ್ದಾಣದಲ್ಲಿ ಸಿಕ್ಕಿದ್ದೂ ಇಂದು ಪ್ರಯೋಗಾಲಯದಲ್ಲಿ ಪರೀಕ್ಷೆಯಾದದ್ದೂ ಒಂದೇ ವಸ್ತು ಎಂದು ಗೊತ್ತಾಗದಿದ್ದರೆ, ಅಲ್ಲಿ ಅಪರಾಧವಿತ್ತು ಎಂಬುದೇ ಗೊತ್ತಾಗುವುದಿಲ್ಲ.

ತೂಕದ ವಿಷಯವನ್ನೇ ನೋಡಿ. ಕಾಯ್ದೆಯ ಪ್ರಕಾರ ಗಾಂಜಾ ಎಂದರೆ ಆ ಗಿಡದ ಹೂ ಅಥವಾ ಕಾಯಿ ಬಿಟ್ಟ ತುದಿಗಳು. ತುದಿಯಿಲ್ಲದ ಬರೀ ಎಲೆ, ಬರೀ ಬೀಜ ಅದರಲ್ಲಿ ಸೇರುವುದಿಲ್ಲ. ಹಸಿ ಗಿಡಗಳನ್ನು ಬೇರುಸಮೇತ ಕಿತ್ತು, ಕಾಂಡ, ಎಲೆ, ಬೇರಿಗಂಟಿದ ಮಣ್ಣು ಎಲ್ಲವನ್ನೂ ತಕ್ಕಡಿಗೆ ಹಾಕಿ 21 ಕಿಲೋ ಎಂದು ಬರೆದರೆ ಆರೋಪಿಗೆ ಕನಿಷ್ಠ 10 ವರ್ಷ ಕಾದಿದೆ. ತುದಿಗಳನ್ನು ಮಾತ್ರ ಬಿಡಿಸಿ ತೂಗಿ 20 ಕಿಲೋಗಿಂತ ಕಡಿಮೆ ಬಂದರೆ ಅದೇ 10 ವರ್ಷ ಗರಿಷ್ಠ ಶಿಕ್ಷೆಯಾಗುತ್ತದೆ. ಕನಿಷ್ಠವೆಂಬುದೇ ಇರುವುದಿಲ್ಲ. ಅಲ್ಲಿ ಪಟ್ಟಿ, ಫೋಟೊ, ಮ್ಯಾಜಿಸ್ಟ್ರೇಟರ ದೃಢೀಕರಣ ಇಲ್ಲವೆಂದು ಆರೋಪಿಯ ವಕೀಲರು ವಾದಿಸಿದರೆ ಅದನ್ನು ಕೂದಲು ಸೀಳುವ ವಾದ ಎನ್ನಲು ಸಾಧ್ಯವೇ?

ಇನ್ನು ಮುದ್ದೆಮಾಲು ಕೋಣೆ. 2022ರ ನವೆಂಬರ್‌ನಲ್ಲಿ ಉತ್ತರ ಪ್ರದೇಶದ ಮಥುರಾ ಪೊಲೀಸರು ಎರಡು ಠಾಣೆಗಳಲ್ಲಿಟ್ಟಿದ್ದ 581 ಕಿಲೋ ಗಾಂಜಾವನ್ನು ಇಲಿಗಳು ತಿಂದುಬಿಟ್ಟವು ಎಂದು ನ್ಯಾಯಾಲಯಕ್ಕೆ ಹೇಳಿದರು. ನ್ಯಾಯಾಲಯ ಅದಕ್ಕೆ ಪುರಾವೆ ಕೇಳಿತು. 2023ರ ಜುಲೈನಲ್ಲಿ ಚೆನ್ನೈನ ವಿಶೇಷ ನ್ಯಾಯಾಲಯದಲ್ಲಿ 22 ಕಿಲೋ ಗಾಂಜಾ ಹೊಂದಿದ್ದ ಆರೋಪದ ಇಬ್ಬರು ಬಿಡುಗಡೆಯಾದರು. ಅಲ್ಲಿಯೂ ಮಾಲಿನ ಹೆಚ್ಚಿನ ಭಾಗ ಇಲಿಗಳ ಪಾಲಾಗಿದೆ ಎಂಬ ಉತ್ತರ ಬಂದಿತ್ತು. ನಾವೆಲ್ಲ ನಕ್ಕೆವು, ಮೀಮುಗಳು ಹರಿದಾಡಿದವು. ನಗು ಮುಗಿದ ಮೇಲೆ ಕೇಳಬೇಕಾದ ಪ್ರಶ್ನೆ ಬೇರೆ. ಇಲಿ ತಿಂದಿದ್ದರೆ ಅದು ಅಜಾಗರೂಕತೆ. ಇಲಿ ತಿಂದಿರದಿದ್ದರೆ ಆ ಮಾಲು ಎಲ್ಲಿಗೆ ಹೋಯಿತು? 2016ರಲ್ಲಿ ಮೋಹನ್‌ಲಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಆತಂಕಪಟ್ಟದ್ದು ಇದಕ್ಕೇ. ವಶಪಡಿಸಿಕೊಂಡ ಮಾದಕ ವಸ್ತು ಸೋರಿಹೋಗಿ ಮತ್ತೆ ಮಾರುಕಟ್ಟೆ ಸೇರುವ ಅಪಾಯವಿದೆ ಎಂದು ಅದು ಹೇಳಿತು. ಸಾಕ್ಷ್ಯದ ಬಗ್ಗೆ ನ್ಯಾಯಾಲಯ ಕಟ್ಟುನಿಟ್ಟಾಗಿರುವುದು ಆರೋಪಿಯ ಹಿತಕ್ಕೆ ಮಾತ್ರವಲ್ಲ, ಕಾಲೇಜಿನ ಗೇಟಿನಾಚೆ ನಿಂತ ಹುಡುಗನ ಹಿತಕ್ಕೂ ಎಂಬುದಕ್ಕೆ ಬೇರೆ ಪುರಾವೆ ಬೇಡ.

2008ರ ನೂರ್ ಅಗಾ ತೀರ್ಪು ಇನ್ನೊಂದು ಬಗೆಯದು. 1997ರಲ್ಲಿ ಅಮೃತಸರದ ವಿಮಾನ ನಿಲ್ದಾಣದಲ್ಲಿ ಅಫ್ಘಾನಿಸ್ತಾನದ ಪ್ರಜೆಯೊಬ್ಬರ ದ್ರಾಕ್ಷಿಯ ಪೆಟ್ಟಿಗೆಯಲ್ಲಿ 1 ಕಿಲೋ 400 ಗ್ರಾಂ ಹೆರಾಯಿನ್ ಸಿಕ್ಕಿತೆಂಬುದು ಆರೋಪ. ಕೆಳಗಿನ ನ್ಯಾಯಾಲಯ ಶಿಕ್ಷಿಸಿತು, ಹೈಕೋರ್ಟ್ ಒಪ್ಪಿತು. ಸುಪ್ರೀಂ ಕೋರ್ಟು ನೋಡಿದಾಗ ವಶಪಡಿಸಿಕೊಂಡ ವಸ್ತುವನ್ನು ನ್ಯಾಯಾಲಯದ ಮುಂದೆ ಸರಿಯಾಗಿ ಹಾಜರುಪಡಿಸಿರಲಿಲ್ಲ, ಮಾದರಿಗಳ ವಿಷಯದಲ್ಲಿ ಹೊಂದಾಣಿಕೆಯಿರಲಿಲ್ಲ, ತಪ್ಪೊಪ್ಪಿಗೆ ಎಂದು ತೋರಿಸಿದ ಹೇಳಿಕೆ ನಂಬುವಂತಿರಲಿಲ್ಲ. ಒಂದೊಂದನ್ನೇ ತೆಗೆದುಕೊಂಡರೆ ದೊಡ್ಡದಲ್ಲದಿರಬಹುದಾದ ದೋಷಗಳು ಒಟ್ಟು ಸೇರಿದಾಗ ಪ್ರಕರಣವನ್ನೇ ನುಂಗುತ್ತವೆ ಎಂದು ಅದು ಬಿಡುಗಡೆ ಮಾಡಿತು. ಅಷ್ಟರಲ್ಲಿ 11 ವರ್ಷ ಕಳೆದಿತ್ತು.

‘ಹಾಗಾದರೆ ಪ್ರತಿ ಸಣ್ಣ ಲೋಪಕ್ಕೂ ಬಿಟ್ಟುಬಿಡಬೇಕೇ’ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ, ಆದರೆ ಅದಕ್ಕೆ ಉತ್ತರ ಈಗಾಗಲೇ ಸಿಕ್ಕಿದೆ. ನಮ್ಮ ನ್ಯಾಯಾಲಯಗಳು ಸರ್ಕಾರಕ್ಕೆ ಒಂದರ ಮೇಲೊಂದು ರಿಯಾಯಿತಿ ಕೊಡುತ್ತಲೇ ಬಂದಿವೆ. ತುರ್ತಿದ್ದಾಗ ಮಾಹಿತಿಯನ್ನು ಬರೆದು ಕಳಿಸುವುದು ತಡವಾದರೂ ಸಮಂಜಸ ವಿವರಣೆಯಿದ್ದರೆ ಸರಿ ಎಂದು 2009ರಲ್ಲಿ ಕರ್ನೈಲ್ ಸಿಂಗ್ ತೀರ್ಪು ಹೇಳಿತು. ದೂರು ಕೊಟ್ಟ ಅಧಿಕಾರಿಯೇ ತನಿಖೆಯನ್ನೂ ಮಾಡಬಾರದು ಎಂದು 2018ರಲ್ಲಿ ಬಂದ ತೀರ್ಪನ್ನು 2020ರ ಮುಕೇಶ್ ಸಿಂಗ್ ಪ್ರಕರಣದಲ್ಲಿ ಸಂವಿಧಾನ ಪೀಠ ತೆಗೆದುಹಾಕಿತು. ಹೆರಾಯಿನ್‌ಗೆ ಬೇರೆ ಪುಡಿ ಬೆರೆಸಿದ್ದರೆ ಒಟ್ಟು ತೂಕವನ್ನೇ ಲೆಕ್ಕಕ್ಕೆ ಹಿಡಿಯಬೇಕೆಂದು ಅದೇ ವರ್ಷದ ಹೀರಾ ಸಿಂಗ್ ತೀರ್ಪು ಹೇಳಿತು. 52ಎ ಪಾಲಿಸಲಿಲ್ಲ ಎಂಬ ಒಂದೇ ಕಾರಣಕ್ಕೆ ಪ್ರಕರಣ ಬೀಳುವುದಿಲ್ಲ, ವಸ್ತುವಿನ ಬಗ್ಗೆ ನಿಜವಾದ ಅನುಮಾನ ಹುಟ್ಟಬೇಕು ಎಂದು 2025ರ ಭರತ್ ಆಂಬಲೆ ತೀರ್ಪು ಹೇಳಿತು. ಇಷ್ಟೆಲ್ಲ ಸಡಿಲಿಸಿದ ಮೇಲೂ ಪ್ರಕರಣವೊಂದು ನಿಲ್ಲಲಿಲ್ಲವೆಂದರೆ ಅದು ಸಹಿ ಬಿಟ್ಟುಹೋದದ್ದಕ್ಕಲ್ಲ. ಕುಣಿಯಲಾರದವಳಿಗೆ ನೆಲ ಡೊಂಕು ಎಂಬ ಗಾದೆ ಇಂಥ ಕಡೆಯೇ ನೆನಪಾಗುವುದು. ನೆಲವನ್ನು ಇಷ್ಟು ಸಲ ಸಮತಟ್ಟು ಮಾಡಿಕೊಟ್ಟಾಗಿದೆ.

ವಿರೋಧಿಗಳ ಬಳಿ ಇದಕ್ಕಿಂತ ಗಟ್ಟಿಯಾದ ಒಂದು ಉದಾಹರಣೆಯಿದೆ. ಅದನ್ನು ಮುಚ್ಚಿಡುವುದು ಸರಿಯಲ್ಲ. 1990ರ ಏಪ್ರಿಲ್‌ನಲ್ಲಿ ತಿರುವನಂತಪುರದ ವಿಮಾನ ನಿಲ್ದಾಣದಲ್ಲಿ ಆಸ್ಟ್ರೇಲಿಯಾದ ಪ್ರಜೆಯೊಬ್ಬ ಒಳಉಡುಪಿನಲ್ಲಿ ಬಚ್ಚಿಟ್ಟ 61.5 ಗ್ರಾಂ ಹಶೀಶ್ ಸಮೇತ ಸಿಕ್ಕಿಬಿದ್ದ. ವಿಚಾರಣಾ ನ್ಯಾಯಾಲಯ 10 ವರ್ಷ ಶಿಕ್ಷೆ ಕೊಟ್ಟಿತು. ಕೇರಳ ಹೈಕೋರ್ಟಿನಲ್ಲಿ ಆ ಒಳಉಡುಪನ್ನು ತೊಡಿಸಿ ನೋಡಿದರೆ ಅದು ಅವನ ಅಳತೆಗೆ ಬಹಳ ಚಿಕ್ಕದು. ಹೈಕೋರ್ಟ್ ಅವನನ್ನು ಬಿಟ್ಟಿತು. ನ್ಯಾಯಾಲಯದ ವಶದಲ್ಲಿದ್ದ ಬಟ್ಟೆಯನ್ನೇ ಹೊರಗೆ ತೆಗೆದು ಚಿಕ್ಕದು ಮಾಡಿ ಮರಳಿಸಲಾಗಿತ್ತು ಎಂಬ ಮಾಹಿತಿ ಆಮೇಲೆ ಆಸ್ಟ್ರೇಲಿಯಾದಿಂದ ಬಂತು. 1994ರಲ್ಲಿ ಪ್ರಕರಣ ದಾಖಲಾಯಿತು. ಆರೋಪಿಗಳಾಗಿದ್ದವರು ನ್ಯಾಯಾಲಯದ ಗುಮಾಸ್ತ ಮತ್ತು ಅಂದಿನ ಒಬ್ಬ ಕಿರಿಯ ವಕೀಲ. ಆ ವಕೀಲರು ಮುಂದೆ ಕೇರಳದ ಸಚಿವರೂ ಆದರು. 2024ರ ನವೆಂಬರ್‌ನಲ್ಲಿ, ಅಂದರೆ 30 ವರ್ಷಗಳ ನಂತರವೂ, ಆ ವಿಚಾರಣೆ ನಡೆಯಲಿ ಎಂದು ಸುಪ್ರೀಂ ಕೋರ್ಟ್ ಹೇಳಬೇಕಾಯಿತು.

ನೋಡಿ, ಅನುಮಾನದ ಆಧಾರದ ಬಿಡುಗಡೆ ಎಂದರೆ ಇದೇ ಎಂದು ಅವರು ಹೇಳಬಹುದು. ನನಗೆ ಈ ಕಥೆ ತದ್ವಿರುದ್ಧವಾದುದನ್ನು ಹೇಳುತ್ತದೆ. ಹೈಕೋರ್ಟಿನ ಮುಂದೆ ಬಂದ ಬಟ್ಟೆ ಆರೋಪಿಗೆ ಸರಿಹೊಂದುತ್ತಿರಲಿಲ್ಲ. ಅದರ ಮೇಲೆ ಹತ್ತು ವರ್ಷದ ಶಿಕ್ಷೆಯನ್ನು ಉಳಿಸಿದ್ದರೆ ಅದು ನ್ಯಾಯವಾಗುತ್ತಿರಲಿಲ್ಲ. ತಪ್ಪು ನಡೆದದ್ದು ತೀರ್ಪಿನಲ್ಲಲ್ಲ, ಸಾಕ್ಷ್ಯವನ್ನು ಕಾಯಬೇಕಿದ್ದ ಕೋಣೆಯಲ್ಲಿ. ಸಾಕ್ಷ್ಯದ ಕಾವಲು ಸಡಿಲವಾದರೆ ನಿರಪರಾಧಿ ಸಿಕ್ಕಿಬೀಳುವುದಷ್ಟೇ ಅಲ್ಲ, ಅಪರಾಧಿಯೂ ತಪ್ಪಿಸಿಕೊಳ್ಳುತ್ತಾನೆ. ಹಣವಿರುವ ಕಳ್ಳಸಾಗಣೆದಾರನಿಗೆ ಸಡಿಲ ಕೋಣೆಗಿಂತ ಒಳ್ಳೆಯ ಗೆಳೆಯ ಯಾರು? ಸಡಿಲತೆಯಿಂದ ಜೈಲಿಗೆ ಹೋಗುವವನು ಸಾಮಾನ್ಯವಾಗಿ ಚೀಲ ಹೊತ್ತವನು, ಲಾರಿ ಓಡಿಸಿದವನು, ಒಳ್ಳೆಯ ವಕೀಲನನ್ನು ಇಟ್ಟುಕೊಳ್ಳಲಾರದವನು.

ಪ್ರಯೋಗಾಲಯವೂ ಇದಕ್ಕೆ ಹೊರತಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಆನಿ ಡೂಖನ್ ಎಂಬ ಸರ್ಕಾರಿ ರಸಾಯನತಜ್ಞೆ ಪರೀಕ್ಷೆ ಮಾಡದೆಯೇ ಮಾದಕ ವಸ್ತುವೆಂದು ವರದಿ ಕೊಡುತ್ತಿದ್ದದ್ದು 2012ರಲ್ಲಿ ಬಯಲಾಯಿತು. 2017ರಲ್ಲಿ 21,000ಕ್ಕೂ ಹೆಚ್ಚು ಪ್ರಕರಣಗಳನ್ನು ಅಲ್ಲಿ ವಜಾ ಮಾಡಬೇಕಾಯಿತು. ಅವುಗಳಲ್ಲಿ ನಿಜವಾದ ಪ್ರಕರಣಗಳೂ ಇದ್ದಿರಲೇಬೇಕು. ಆದರೆ ಯಾವುದು ನಿಜ, ಯಾವುದು ಸುಳ್ಳು ಎಂದು ಬೇರ್ಪಡಿಸುವ ದಾರಿಯೇ ಉಳಿದಿರಲಿಲ್ಲ. ನಂಬಿಕೆ ಕಳೆದುಕೊಂಡ ಸಾಕ್ಷ್ಯ ಒಳ್ಳೆಯ ಪ್ರಕರಣವನ್ನೂ ಜೊತೆಗೆ ಎಳೆದುಕೊಂಡು ಮುಳುಗುತ್ತದೆ.

ಇಷ್ಟಾದ ಮೇಲೆ ಮೇಲ್ಮನವಿಯ ಮಾತು. ಅಮೆರಿಕದಲ್ಲಿ ಬಿಡುಗಡೆಯೇ ಕೊನೆ, ಸರ್ಕಾರ ಮತ್ತೆ ಬಾಗಿಲು ತಟ್ಟುವಂತಿಲ್ಲ. ನಮ್ಮಲ್ಲಿ ಸರ್ಕಾರಕ್ಕೆ ಆ ಹಕ್ಕಿದೆ, ಇರಲಿ. ಕೆಳಗಿನ ನ್ಯಾಯಾಲಯಗಳೂ ತಪ್ಪುತ್ತವೆ. 2019ರಲ್ಲಿ ಪಂಜಾಬಿನ ಬಲ್ಜಿಂದರ್ ಸಿಂಗ್ ಪ್ರಕರಣದಲ್ಲಿ ಹಾಗೆ ಆಗಿತ್ತು. ವಾಹನದಲ್ಲಿ ಗಸಗಸೆ ಸಿಪ್ಪೆಯ ಮೂಟೆಗಳು ಸಿಕ್ಕಿದ್ದವು. ಮೈ ತಪಾಸಣೆಗೆ ಮಾತ್ರ ಅನ್ವಯಿಸುವ 50ನೇ ಸೆಕ್ಷನ್‌ನ ಲೋಪವನ್ನು ಹಿಡಿದು ಹೈಕೋರ್ಟ್ ಬಿಡುಗಡೆ ಮಾಡಿತ್ತು. ಸುಪ್ರೀಂ ಕೋರ್ಟು ಅದನ್ನು ತಿದ್ದಿತು. ಕಾನೂನನ್ನು ತಪ್ಪಾಗಿ ಅರ್ಥೈಸಿದ ತೀರ್ಪಿನ ವಿರುದ್ಧ ಮೇಲ್ಮನವಿ ಹೋಗುವುದು ಸರ್ಕಾರದ ಕರ್ತವ್ಯ. ನನ್ನ ತಕರಾರು ಬೇರೆ ಬಗೆಯ ಮೇಲ್ಮನವಿಗಳ ಬಗ್ಗೆ. ಮೊಹರು ಒಡೆದಿತ್ತು, ತೂಕ ಬೇರೆಯಿತ್ತು, ಮಾಲು ಕಾಣೆಯಾಗಿತ್ತು ಎಂದು ನ್ಯಾಯಾಧೀಶರು ಬರೆದ ಮೇಲೂ ‘ಆದರೂ ನಂಬಿ’ ಎಂದು ಕೇಳುವ ಮೇಲ್ಮನವಿಗಳವು. ಅಂದು ಒಡೆದ ಮೊಹರನ್ನು ಹೈಕೋರ್ಟು ಹೇಗೆ ಅಂಟಿಸುತ್ತದೆ?

ಇದಕ್ಕೆ ಸಂಬಂಧಿಸಿದ ತತ್ವಗಳನ್ನು ಸುಪ್ರೀಂ ಕೋರ್ಟು ಸ್ಪಷ್ಟವಾಗಿ ಪಟ್ಟಿ ಮಾಡಿದ್ದು ನಮ್ಮ ರಾಜ್ಯದಿಂದಲೇ ಹೋದ ಪ್ರಕರಣದಲ್ಲಿ, 2007ರ ಚಂದ್ರಪ್ಪ ವಿರುದ್ಧ ಕರ್ನಾಟಕ ರಾಜ್ಯ. ಮೇಲ್ಮನವಿ ನ್ಯಾಯಾಲಯಕ್ಕೆ ಸಾಕ್ಷ್ಯವನ್ನು ಮತ್ತೆ ತೂಗುವ ಪೂರ್ಣ ಅಧಿಕಾರವಿದೆ. ಆದರೆ ಬಿಡುಗಡೆಯಾದವನ ನಿರಪರಾಧಿತ್ವದ ಊಹೆ ಈಗ ಇಮ್ಮಡಿಯಾಗಿರುತ್ತದೆ. ಒಂದು ಕಾನೂನು ಕೊಟ್ಟದ್ದು, ಇನ್ನೊಂದು ತೀರ್ಪು ಕೊಟ್ಟದ್ದು. ಎರಡು ಸಮಂಜಸ ಅಭಿಪ್ರಾಯಗಳು ಸಾಧ್ಯವಿದ್ದರೆ ಬಿಡುಗಡೆಯನ್ನು ಕದಲಿಸಬಾರದು. ಇದು ಗೊತ್ತಿದ್ದೂ ಹೂಡುವ ಮೇಲ್ಮನವಿಯಿಂದ ಯಾರಿಗೆ ಏನು ಸಿಗುತ್ತದೆ? ಇಲಾಖೆಗೆ ‘ನಾವು ಬಿಟ್ಟಿಲ್ಲ’ ಎಂದು ಹೇಳಿಕೊಳ್ಳಲು ಒಂದು ಕಡತ ಸಂಖ್ಯೆ ಸಿಗುತ್ತದೆ. ಬಿಡುಗಡೆಯಾದವನಿಗೆ ಮತ್ತೆ ವಕೀಲರ ಖರ್ಚು, ಮತ್ತೆ ನೋಟಿಸು. ಮೇಲ್ಮನವಿ ಬಾಕಿಯಿರುವಾಗ ಹೈಕೋರ್ಟು ಬೇಕೆಂದರೆ ಅವನನ್ನು ಮತ್ತೆ ಬಂಧಿಸಲು ವಾರಂಟ್ ಹೊರಡಿಸಬಹುದು. ಕೆಲಸ ಹುಡುಕುವಾಗ, ಮನೆ ಬಾಡಿಗೆಗೆ ಕೇಳುವಾಗ, ಮಗಳ ಮದುವೆಯ ಮಾತಾಡುವಾಗ ಅವನು ‘ಬಿಡುಗಡೆಯಾದವನು’ ಅಲ್ಲ, ‘ಕೇಸು ಇರುವವನು’.

ಸರ್ಕಾರ ಮಾಡಬೇಕಾದದ್ದು ಏನೆಂಬುದನ್ನು ಯಾರೂ ಹೊಸದಾಗಿ ಕಂಡುಹಿಡಿಯಬೇಕಿಲ್ಲ. 2014ರ ಜನವರಿಯಲ್ಲಿ ಗುಜರಾತಿನ ಕಿಶನ್‌ಭಾಯಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಎಲ್ಲ ರಾಜ್ಯಗಳಿಗೂ ಒಂದು ಆದೇಶ ಕೊಟ್ಟಿತು. ಪೊಲೀಸ್ ಮತ್ತು ಅಭಿಯೋಜನೆಯ ಹಿರಿಯ ಅಧಿಕಾರಿಗಳ ಸಮಿತಿ ಪ್ರತಿ ಬಿಡುಗಡೆಯ ತೀರ್ಪನ್ನೂ ಓದಬೇಕು, ಎಲ್ಲಿ ತಪ್ಪಾಯಿತೆಂದು ಗುರುತಿಸಬೇಕು, ಆ ಪಾಠಗಳನ್ನು ತರಬೇತಿಯಲ್ಲಿ ಸೇರಿಸಬೇಕು, ನಿರ್ಲಕ್ಷ್ಯ ತೋರಿದ ಅಧಿಕಾರಿಯ ಮೇಲೆ ಕ್ರಮ ಕೈಗೊಳ್ಳಬೇಕು. ಒಂದು ತೀರ್ಪನ್ನು ಓದುವ ಎರಡು ಬಗೆಗಳು ಇಲ್ಲಿವೆ. ಮೇಲ್ಮನವಿಗೆಂದು ಓದುವವನು ನ್ಯಾಯಾಧೀಶರ ತಪ್ಪನ್ನು ಹುಡುಕುತ್ತಾನೆ. ಕಿಶನ್‌ಭಾಯಿ ಹೇಳಿದಂತೆ ಓದುವವನು ತನ್ನ ತಪ್ಪನ್ನು ಹುಡುಕುತ್ತಾನೆ. ಮೊದಲನೆಯ ಓದು ಸುಲಭ, ಅದಕ್ಕೇ ಅದು ಹೆಚ್ಚು ನಡೆಯುತ್ತದೆ.

ಹಾಗಾಗಿ ಮಾದಕ ವಸ್ತು ಪ್ರಕರಣದ ಪ್ರತಿ ಮೇಲ್ಮನವಿಗೂ ಮೊದಲು ಸರ್ಕಾರ ಮೂರು ಪ್ರಶ್ನೆಗಳಿಗೆ ಬರಹದಲ್ಲಿ ಉತ್ತರ ಕೊಡಲಿ. ನ್ಯಾಯಾಲಯ ಕಾನೂನನ್ನು ತಪ್ಪಾಗಿ ಓದಿದೆಯೇ, ಅಥವಾ ನಮ್ಮ ಸಾಕ್ಷ್ಯವನ್ನು ನಂಬಲಿಲ್ಲವೇ? ನಂಬಲಿಲ್ಲವಾದರೆ, ಅದು ಎತ್ತಿದ ಅನುಮಾನಕ್ಕೆ ದಾಖಲೆಯಲ್ಲಿಯೇ ಉತ್ತರವಿದೆಯೇ? ಇಲ್ಲವಾದರೆ, ಆ ಲೋಪಕ್ಕೆ ಯಾರು ಹೊಣೆ, ಅವರ ಮೇಲೆ ಏನು ಕ್ರಮವಾಯಿತು? ಮೂರನೆಯ ಪ್ರಶ್ನೆಗೆ ಉತ್ತರ ಕೊಡಲು ಸಿದ್ಧವಿಲ್ಲದ ಇಲಾಖೆಗೆ ಹೈಕೋರ್ಟಿನ ಸಮಯ ಕೇಳುವ ನೈತಿಕ ಹಕ್ಕಿಲ್ಲ. ಮೇಲ್ಮನವಿಗೆ ಸುರಿಯುವ ಹಣ, ಶ್ರಮಗಳನ್ನು ಠಾಣೆಯ ಮುದ್ದೆಮಾಲು ಕೋಣೆಗೆ, ತಕ್ಕಡಿಗೆ, ಕ್ಯಾಮೆರಾಗೆ, ಪ್ರಯೋಗಾಲಯದ ಸಿಬ್ಬಂದಿಗೆ ಹಾಕಿದರೆ ಮುಂದಿನ ಪ್ರಕರಣವಾದರೂ ನಿಂತೀತು.

ಮಾದಕ ವ್ಯಸನದಿಂದ ಮನೆಗಳು ಹಾಳಾಗಿವೆ. ಆ ಮನೆಗಳ ಸಿಟ್ಟು ದೊಡ್ಡದು, ನಿಜವಾದದ್ದು. ಆದರೆ ಆ ಸಿಟ್ಟನ್ನು ತೋರಿಸಿ ‘ಸಾಕ್ಷ್ಯ ಸ್ವಲ್ಪ ಕಡಿಮೆಯಿದ್ದರೂ ಪರವಾಗಿಲ್ಲ’ ಎಂದು ಕೇಳುವವರು ಆ ಮನೆಗಳಿಗೆ ಯಾವ ಉಪಕಾರವನ್ನೂ ಮಾಡುತ್ತಿಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಹಳ್ಳಿಯ ಅಕ್ಷರ ಬಾರದ ಹಿರಿಯರಿಗೂ ಗೊತ್ತಿತ್ತು. ಅವರು ಅದನ್ನು ತಾಂತ್ರಿಕ ಎನ್ನಲಿಲ್ಲ, ವಿವೇಕ ಎಂದರು. ಪತ್ರಿಕೆಗಳಿಗೆ ನನ್ನದೊಂದು ಸಣ್ಣ ಕೋರಿಕೆ. ಮುಂದಿನ ಸಲ ಇಂಥ ತೀರ್ಪು ಬಂದಾಗ ‘ತಾಂತ್ರಿಕ ಕಾರಣಗಳಿಂದ ಖುಲಾಸೆ’ ಎಂದು ಬರೆಯಬೇಡಿ. ‘ಪೊಲೀಸರ ಸಾಕ್ಷ್ಯ ನಂಬಲರ್ಹವಲ್ಲ: ನ್ಯಾಯಾಲಯ’ ಎಂದು ಬರೆಯಿರಿ. ಮೇಲ್ಮನವಿಯ ಸುದ್ದಿ ಬಂದಾಗ, ಆ ಸಾಕ್ಷ್ಯ ಯಾಕೆ ಹಾಳಾಯಿತು ಎಂದೂ ಒಂದು ಸಾಲು ಕೇಳಿ.